ಮೊದಲು ಒಂದು ಕಾರ್ಡು ಹಾಕಿ ನೋಡಿ

ಬೆಳಗಿನ ಕಾಫಿ ಮುಗಿಯುವ ಮೊದಲೇ ನನ್ನ ಫೋನು ಎರಡು ಸಲ ಟಣ್ ಅಂದಿರುತ್ತದೆ. ತೆಗೆದು ನೋಡಿದರೆ ಜಾಹೀರಾತಿನ ಫೋಟೊ. ಒಂದು ದಿನ ಮಿಡಿಗೇಶಿ ಬಸ್‌ಸ್ಟ್ಯಾಂಡಿನ ಕೆಇಬಿ ಕಂಬಕ್ಕೆ ಅಂಟಿಸಿದ ಹಳದಿ ಚೀಟಿ, ಇನ್ನೊಂದು ದಿನ ಯಾರದೋ ವಾಟ್ಸ್‌ಆ್ಯಪ್ ಸ್ಟೇಟಸ್ಸು, ಮತ್ತೊಂದು ದಿನ ಪಾವಗಡದ ಪ್ರೈವೇಟ್ ಬಸ್ಸಿನ ಕಿಟಕಿ ಮೇಲಿನ ಸ್ಟಿಕ್ಕರು. ಕೆಳಗೆ ಬರೆದಿರುವುದು ಮಾತ್ರ ಒಂದೇ ಸಾಲು: ‘ತಾತ, ಇದು ದಿಟಾನಾ?’ ಈ ಅಂಕಣಕ್ಕೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನಿಂದ ಬರುವ ಪತ್ರಗಳಲ್ಲೂ ಇದೇ ಪ್ರಶ್ನೆ ಸುತ್ತಿ ಸುತ್ತಿ ಬರುತ್ತದೆ. ಕೆಲಸ ಬೇಕು, ಜಾಹೀರಾತು ಇದೆ, ಅನುಮಾನವೂ ಇದೆ. ಫೋನ್ ಮಾಡೋದಾ, ಬಿಡೋದಾ?

ನನ್ನನ್ನು ಯಾಕೆ ಕೇಳುತ್ತಾರೆಂದರೆ, ನಾನು ಬಹುಕಾಲ ಅಂಚೆ ಕಚೇರಿಯ ಕಿಟಕಿಯ ಒಳಗಡೆ ಕೂತಿದ್ದವನು. ಜನ ಜಾಹೀರಾತಿಗೆ ಉತ್ತರ ಬರೆದು ತಂದು ಕೊಡುತ್ತಿದ್ದದ್ದು ನನ್ನ ಕೈಗೆ. ಅದಕ್ಕೆ ಮಾರುತ್ತರ ಬಂದರೆ ಠಸ್ಸೆ ಬೀಳುತ್ತಿದ್ದದ್ದೂ ನನ್ನ ಮೇಜಿನ ಮೇಲೆ. ಹಾಗಾಗಿ ಯಾವ ಜಾತಿಯ ಜಾಹೀರಾತಿಗೆ ಯಾವ ಜಾತಿಯ ಉತ್ತರ ಬರುತ್ತದೆ ಎಂಬುದು ನನಗೆ ಓದಿ ಕಲಿತ ವಿದ್ಯೆಯೇನಲ್ಲ, ವಿಂಗಡಿಸಿ ವಿಂಗಡಿಸಿ ಬಂದದ್ದು. ಸರ್ಕಾರಿ ಸಂದರ್ಶನದ ಕರೆ ರಿಜಿಸ್ಟರ್ಡ್ ಲಕೋಟೆಯಲ್ಲಿ, ಕಂದು ಬಣ್ಣದ ಒರಟು ಕಾಗದದಲ್ಲಿ, ಹೆಸರು ಅರ್ಧ ತಪ್ಪಾಗಿ ಬರುತ್ತಿತ್ತು. ‘ಮನೆಯಲ್ಲೇ ಕುಳಿತು ತಿಂಗಳಿಗೆ ಐನೂರು ಸಂಪಾದಿಸಿ’ ಎಂಬ ಜಾಹೀರಾತಿನ ಉತ್ತರ ವಿ.ಪಿ.ಪಿ.ಯಾಗಿ ಬರುತ್ತಿತ್ತು, ದುಡ್ಡು ಕಟ್ಟಿದರೆ ಮಾತ್ರ ಪಾರ್ಸೆಲ್ ಕೈಗೆ. ಬಿಚ್ಚಿದರೆ ಒಳಗೆ ಮೇಣದಬತ್ತಿ ಮಾಡುವುದು ಹೇಗೆ, ಸೋಪು ಮಾಡುವುದು ಹೇಗೆ ಎಂಬ ಎಂಟು ಪುಟದ ಪುಸ್ತಕ. ಕೆಲಸ ಎಲ್ಲಿ ಎಂದು ಕೇಳಿದರೆ, ಪುಸ್ತಕದ ಕೊನೆಯ ಪುಟದಲ್ಲಿ ಇನ್ನೊಂದು ಜಾಹೀರಾತು.

ಒಂದು ಬೆಳಗ್ಗೆ ಒಬ್ಬ ಹುಡುಗ ಮನಿಯಾರ್ಡರ್ ಫಾರಂ ತುಂಬುತ್ತಿದ್ದ. ಇಪ್ಪತ್ತೈದು ರೂಪಾಯಿ, ಯಾವುದೋ ಊರಿನ ಪೋಸ್ಟ್ ಬಾಕ್ಸ್ ನಂಬರಿಗೆ. ಜೊತೆಗೆ ಬಂದಿದ್ದ ಅವನಪ್ಪ, ಕಡಲೆಕಾಯಿ ಬೆಳೆಯುವ ಆಸಾಮಿ, ಓದು ಬರಹ ಅಷ್ಟಕ್ಕಷ್ಟೆ, ಫಾರಂ ಕಿತ್ತುಕೊಂಡು ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ‘ಲೇ, ಮೊದ್ಲು ಒಂದು ಕಾರ್ಡ್ ಹಾಕೋ. ಕಾರ್ಡಿಗೆ ಉತ್ರ ಬಂದ್ರೆ ಕವರ್ ಹಾಕನ. ಕವರಿಗೂ ಉತ್ರ ಬಂದ್ರೆ ಆಗ ದುಡ್ಡಿನ ಮಾತು.’ ಹದಿನೈದು ಪೈಸೆಯ ಕಾರ್ಡು ಹೋಯಿತು. ಉತ್ತರವೇನೂ ಬರಲಿಲ್ಲ. ಹುಡುಗ ಹದಿನೈದು ದಿನ ಕಿಟಕಿಗೆ ಬಂದು ಬಂದು ಕೇಳಿ ಸುಮ್ಮನಾದ. ಇಪ್ಪತ್ತೈದು ರೂಪಾಯಿ ಉಳಿಯಿತು.

ಆ ಯಜಮಾನ ಜಾಹೀರಾತು ಸುಳ್ಳು ಎಂದು ಹೇಳಿರಲಿಲ್ಲ ಎಂಬುದನ್ನು ಗಮನಿಸಿ. ಅವನಿಗೆ ಅದು ಗೊತ್ತೂ ಇರಲಿಲ್ಲ. ಗೊತ್ತಿಲ್ಲದ್ದಕ್ಕೆ ಎಷ್ಟು ಕೊಡಬಹುದು ಎಂಬ ಲೆಕ್ಕ ಮಾತ್ರ ಅವನಿಗೆ ಗೊತ್ತಿತ್ತು. ‘ದಿಟಾನಾ?’ ಎಂದು ಕೇಳುವವರಿಗೆಲ್ಲ ನಾನು ಈ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಜಾಹೀರಾತಿಗೆ ಉತ್ತರ ಕೊಡುವುದೆಂದರೆ ಏನನ್ನಾದರೂ ಕೈಬಿಟ್ಟು ಕೊಡುವುದು. ಒಂದು ಫೋನ್ ಕರೆ ಅಗ್ಗ. ಹೆಸರು, ಓದು, ಊರು ಬರೆದ ಒಂದು ಹಾಳೆ ಅಗ್ಗ. ಪೀಣ್ಯಕ್ಕೋ ದೊಡ್ಡಬಳ್ಳಾಪುರಕ್ಕೋ ಹೋಗಿ ನೋಡಿ ಬರುವುದು ಒಂದು ದಿನದ ಕೂಲಿ ಮತ್ತು ಬಸ್‌ಚಾರ್ಜು. ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೊ ದುಬಾರಿ. ಎಸ್‌ಎಸ್‌ಎಲ್‌ಸಿ ಒರಿಜಿನಲ್ ಮಾರ್ಕ್ಸ್‌ಕಾರ್ಡು ಬಹಳ ದುಬಾರಿ. ಓಟಿಪಿಗೆ ಬೆಲೆ ಕಟ್ಟಲಾಗದು, ಅದು ಮನೆ ಬೀಗದ ಕೈ. ಈ ಮೆಟ್ಟಿಲುಗಳಲ್ಲಿ ಕೆಳಗಿನದರಿಂದ ಹತ್ತಬೇಕು. ಮೋಸಗಾರ ಯಾವಾಗಲೂ ಮೇಲಿನ ಮೆಟ್ಟಿಲಿನಿಂದ ಕೇಳುತ್ತಾನೆ; ನೀವು ಯಾರು, ಏನು ಓದಿದ್ದೀರಿ ಎಂದು ತಿಳಿಯುವ ಮೊದಲೇ ‘ಆಧಾರ್ ಕಳಿಸಿ ಮೇಡಂ’.

ಯಾವುದಕ್ಕೂ ಉತ್ತರ ಕೊಡಬೇಡಿ, ಎಲ್ಲ ಮೋಸ ಎಂದುಬಿಡುವುದು ಸುಲಭ. ಪಿಂಚಣಿ ಬರುವ ನನ್ನಂಥವನು ಹಾಗೆ ಹೇಳಬಹುದು. ಆದರೆ ನಮ್ಮ ಸೀಮೆಯ ಸ್ಥಿತಿ ನೋಡಿ. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮವು ಸೇರಿದ್ದವು. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಬಿತ್ತಿದವನಿಗೆ ಬಿತ್ತನೆಬೀಜದ ದುಡ್ಡೂ ವಾಪಸ್ ಬರುವುದಿಲ್ಲ. ಪಾವಗಡದ ತಿರುಮಣಿಯ ಸುತ್ತ ಹದಿಮೂರು ಸಾವಿರ ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿತು, 2018ರ ಮಾರ್ಚಿನಲ್ಲಿ ಉದ್ಘಾಟನೆಯೂ ಆಯಿತು, 2,050 ಮೆಗಾವಾಟ್ ಎಂದು ದೇಶವೆಲ್ಲ ಹೊಗಳಿತು. ಆದರೆ ಕರೆಂಟು ಹುಟ್ಟಿದಷ್ಟು ಕೆಲಸ ಹುಟ್ಟಲಿಲ್ಲ. ಫಲಕಕ್ಕೆ ಬಿಸಿಲು ಸಾಕು, ಆಳು ಬೇಕಿಲ್ಲ. ಊರವರಿಗೆ ದಕ್ಕಿದ್ದು ಬಹುಪಾಲು ಕಂಟ್ರಾಕ್ಟರ ಕೆಳಗೆ ಹುಲ್ಲು ಕೊಯ್ಯುವ, ಫಲಕ ಒರೆಸುವ, ಕಾವಲು ಕಾಯುವ ಕೆಲಸ. ಹೀಗಿರುವಾಗ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿರುವ ಹುಡುಗಿಗೆ ‘ಸುಮ್ಮನಿರು’ ಎನ್ನುವುದಕ್ಕೂ ಒಂದು ಬೆಲೆ ಇದೆ, ಅದನ್ನು ಅವಳೇ ತೆರುತ್ತಾಳೆ.

ಹಾಗಾದರೆ ಯಾವುದಕ್ಕೆ ಕಾರ್ಡು ಹಾಕಬೇಕು? ನನ್ನ ಮೊದಲ ಪರೀಕ್ಷೆ ಸ್ವಲ್ಪ ತಲೆಕೆಳಗಾಗಿ ಕಾಣಬಹುದು: ಜಾಹೀರಾತು ನಿಮ್ಮನ್ನು ಎಷ್ಟು ಓಡಿಸುತ್ತದೆ ನೋಡಿ. ಗ್ರಾಮ ಆಡಳಿತ ಅಧಿಕಾರಿಗಳ 1,000 ಹುದ್ದೆಗೆ 2024ರಲ್ಲಿ ಕರೆದ ಅರ್ಜಿ ನೆನಪಿದೆಯೇ? ವಯಸ್ಸು ಇಷ್ಟೇ ಇರಬೇಕು, ಇಂಥದ್ದನ್ನೇ ಓದಿರಬೇಕು, ಮೀಸಲಾತಿಗೆ ಈ ನಮೂನೆಯ ಪ್ರಮಾಣಪತ್ರವೇ ಆಗಬೇಕು, ಕನ್ನಡ ಪರೀಕ್ಷೆ ಪಾಸಾಗಲೇಬೇಕು. ವರ್ಷದ ಆರಂಭದಲ್ಲಿ ಅಧಿಸೂಚನೆ, ಪರೀಕ್ಷೆ ಬರೆದದ್ದು ಅಕ್ಟೋಬರ್ ಕೊನೆಯಲ್ಲಿ. ಓದುತ್ತಾ ಹೋದರೆ ‘ನೀನು ಬೇಡ, ನೀನೂ ಬೇಡ’ ಎಂದು ಹೇಳುತ್ತಿರುವಂತೆಯೇ ಅನ್ನಿಸುತ್ತದೆ. ಖಾಸಗಿಯವರೂ ಅಷ್ಟೆ. ‘ಟೈಲರ್ ಬೇಕಾಗಿದ್ದಾರೆ, ಓವರ್‌ಲಾಕ್ ಮೆಷಿನ್ ಗೊತ್ತಿದ್ದವರು ಮಾತ್ರ’ ಎನ್ನುತ್ತಾರೆ. ಬರುವ ನೂರು ಜನರಲ್ಲಿ ತೊಂಬತ್ತೈದು ಜನರನ್ನು ವಾಪಸ್ ಕಳಿಸುವ ತಲೆನೋವು ಅವರಿಗೆ ಬೇಡ.

ಸುಳ್ಳು ಜಾಹೀರಾತಿಗೆ ಎಲ್ಲರೂ ಬೇಕು. ವಯಸ್ಸು ಹದಿನೆಂಟರಿಂದ ಅರವತ್ತು, ಓದಿರಲಿ ಬಿಡಲಿ, ಅನುಭವ ಬೇಡ, ಇಂಟರ್‌ವ್ಯೂ ಇಲ್ಲ, ಗೃಹಿಣಿಯರಿಗೆ ಆದ್ಯತೆ, ಸಂಬಳ ಇಪ್ಪತ್ತೈದರಿಂದ ನಲವತ್ತು ಸಾವಿರ, ಇಂದೇ ಸೇರಿ. ದನದ ಜಾತ್ರೆಗೆ ಹೋದವರಿಗೆ ಗೊತ್ತು, ಎತ್ತು ಕೊಳ್ಳುವವನು ಹಲ್ಲು ಬಿಡಿಸಿ ನೋಡುತ್ತಾನೆ, ನಡೆಸಿ ನೋಡುತ್ತಾನೆ, ಸುಳಿ ನೋಡುತ್ತಾನೆ, ಆಮೇಲೆ ಟವೆಲ್ ಮರೆಯಲ್ಲಿ ಬೆರಳು ಹಿಡಿಯುತ್ತಾನೆ. ಹಲ್ಲೇ ನೋಡದೆ ಕೇಳಿದಷ್ಟು ಎಣಿಸುತ್ತೇನೆ ಅನ್ನುವವನನ್ನು ಕಂಡರೆ ಹಗ್ಗ ಹಿಡಿದವನಿಗೇ ದಿಗಿಲಾಗುತ್ತದೆ, ಇವನು ಎತ್ತನ್ನು ಯಾವುದಕ್ಕೆ ಒಯ್ಯುತ್ತಾನೋ ಎಂದು. ಕೆಲಸದ ಸಂತೆಯಲ್ಲಿ ಎತ್ತು ನಾವೇ. ನಮ್ಮ ಹಲ್ಲು ನೋಡದವನ ಮೇಲೆ ನಮಗೆ ಪ್ರೀತಿ ಉಕ್ಕುವುದು ವಿಚಿತ್ರ.

ಹೆಂಗಸರು ನನಗೆ ಅತಿ ಹೆಚ್ಚು ಕಳಿಸುವುದು ಪೆನ್ಸಿಲ್ ಪ್ಯಾಕಿಂಗ್ ಜಾಹೀರಾತು. ಫೇಸ್‌ಬುಕ್ಕಿನಲ್ಲಿ ಕೆಂಪು ಕಪ್ಪು ಪಟ್ಟೆಯ ನಟರಾಜ್ ಪೆನ್ಸಿಲ್ ರಾಶಿಯ ಮುಂದೆ ನಗುತ್ತಾ ಕೂತ ಹೆಂಗಸು. ತಿಂಗಳಿಗೆ ಮೂವತ್ತು ಸಾವಿರ, ಹದಿನೈದು ಸಾವಿರ ಅಡ್ವಾನ್ಸ್, ಮಾಲು ಮನೆಗೇ ಬರುತ್ತದೆ. ನಟರಾಜ್ ಮತ್ತು ಅಪ್ಸರ ಪೆನ್ಸಿಲ್ ತಯಾರಿಸುವ ಹಿಂದೂಸ್ತಾನ್ ಪೆನ್ಸಿಲ್ಸ್ ಕಂಪನಿ ತಾನು ಹೀಗೆ ಮನೆಗೆ ಪ್ಯಾಕಿಂಗ್ ಕೆಲಸ ಕೊಡುವುದೇ ಇಲ್ಲ ಎಂದು ಹೇಳಿದ್ದರೂ ಜಾಹೀರಾತು ನಿಂತಿಲ್ಲ. ಕಂಪನಿಯ ಮಾತು ಪಕ್ಕಕ್ಕಿಡಿ, ನೀವೇ ಲೆಕ್ಕ ಹಾಕಿ. ತಿಂಗಳಿಗೆ ಮೂವತ್ತು ಸಾವಿರ ಎಂದರೆ ದಿನಕ್ಕೆ ಸಾವಿರ. ಹತ್ತು ಪೆನ್ಸಿಲ್ಲಿನ ಒಂದು ಡಬ್ಬಿ ತುಂಬಿದರೆ ಧಾರಾಳವಾಗಿ ಒಂದು ರೂಪಾಯಿ ಕೂಲಿ ಎಂದೇ ಇಟ್ಟುಕೊಳ್ಳಿ. ದಿನಕ್ಕೆ ಸಾವಿರ ಡಬ್ಬಿ, ಹತ್ತು ಸಾವಿರ ಪೆನ್ಸಿಲ್. ಅದನ್ನು ಮಿಡಿಗೇಶಿಯ ಓಣಿಯೊಳಗೆ ತರುವ ಲಾರಿ ಯಾವುದು, ನಡುಮನೆಯಲ್ಲಿ ಮಕ್ಕಳು ಎಲ್ಲಿ ಮಲಗಬೇಕು, ಮಿಷನ್ನು ಮಾಡುವ ಕೆಲಸಕ್ಕೆ ಕಂಪನಿ ಇಷ್ಟು ದೂರ ಬಾಡಿಗೆ ಕೊಟ್ಟು ಯಾಕೆ ಬರುತ್ತದೆ? ಹುಣಸೆಹಣ್ಣು ಬಿಡಿಸುವ ಕೂಲಿಯನ್ನು ಪೈಸೆ ಬಿಡದೆ ಲೆಕ್ಕ ಹಾಕುವ ನಮ್ಮ ಹೆಣ್ಣುಮಕ್ಕಳು ಪೆನ್ಸಿಲ್ ಎಂದೊಡನೆ ಲೆಕ್ಕ ಮರೆಯುವುದು ಏಕೆಂದರೆ, ಅಲ್ಲಿ ಮೊದಲು ಕೇಳುವುದು ಬರೀ ಆರುನೂರು ಚಿಲ್ಲರೆ ರೂಪಾಯಿ ರಿಜಿಸ್ಟ್ರೇಷನ್. ‘ಹೋದ್ರೆ ಆರ್ನೂರು ತಾನೇ’ ಎನ್ನುತ್ತಾರೆ. ಆರುನೂರು ಹೋದ ಮೇಲೆ ಐಡಿ ಕಾರ್ಡಿಗೆ, ಆಮೇಲೆ ಸಾಗಣೆಗೆ, ಆಮೇಲೆ ಜಿಎಸ್‌ಟಿಗೆ.

ದುಡ್ಡು ಕೇಳಿದರೆ ಮೋಸ ಎಂಬ ಸೂತ್ರವನ್ನು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ, ಒಬ್ಬ ಹುಡುಗ ಬಾಯಿ ಮುಚ್ಚಿಸುವವರೆಗೆ. ‘ಕೆಪಿಎಸ್‌ಸಿಯೋರೂ ತಗೊಳ್ತಾರಲ್ಲ ತಾತ?’ ಎಂದ. ಹೌದಲ್ಲ! ಕೆಪಿಎಸ್‌ಸಿ ಅರ್ಜಿಗೆ ಸಾಮಾನ್ಯ ವರ್ಗದವರು 600, ಹಿಂದುಳಿದ ವರ್ಗದವರು 300 ಕಟ್ಟುತ್ತಿದ್ದುದನ್ನು, ಪರಿಶಿಷ್ಟರಿಗೆ ಶುಲ್ಕದ ವಿನಾಯಿತಿ ಇದ್ದುದನ್ನು ನಾನೇ ಕಂಡಿದ್ದೇನೆ. ಹಾಗಾಗಿ ವ್ಯತ್ಯಾಸ ಬೇರೆ ಕಡೆ ಹುಡುಕಬೇಕಾಯಿತು, ಸಿಕ್ಕಿತು ಕೂಡ. ಸರ್ಕಾರ ಶುಲ್ಕದ ಪಕ್ಕದಲ್ಲೇ ‘ಯಾವ ಕಾರಣಕ್ಕೂ ಹಿಂದಿರುಗಿಸುವುದಿಲ್ಲ’ ಎಂದು ಒರಟಾಗಿ ಬರೆದಿರುತ್ತದೆ. ಮೋಸಗಾರ ‘ಮೊದಲ ಸಂಬಳದಲ್ಲಿ ವಾಪಸ್ ಕೊಡ್ತೀವಿ’ ಎಂದು ನಯವಾಗಿ ಹೇಳುತ್ತಾನೆ. ಸರ್ಕಾರದ್ದು ಕಚೇರಿಯ ಖಾತೆಗೆ ಹೋಗುತ್ತದೆ, ರಸೀದಿ ಬರುತ್ತದೆ. ಇವನದ್ದು ಯಾರೋ ಒಬ್ಬರ ಹೆಸರಿನ ಫೋನ್‌ಪೇಗೆ ಹೋಗುತ್ತದೆ. (ವಾಪಸ್ ಕೊಡುವ ವಿಷಯದಲ್ಲಿ ರೈಲ್ವೆ ನೇಮಕಾತಿ ಮಂಡಳಿ ಒಂದು ಅಪವಾದ. 500 ಕಟ್ಟಿಸಿಕೊಂಡು, ಪರೀಕ್ಷೆಗೆ ಕೂತವರಿಗೆ 400 ಮರಳಿಸುವ ಪದ್ಧತಿ ಅಲ್ಲಿದೆ. ಅದೂ ಬ್ಯಾಂಕ್ ಖಾತೆಗೆ.) ಮತ್ತೆ, ಅರ್ಜಿಗೆ ಶುಲ್ಕ ಇರಬಹುದು, ಕೆಲಸಕ್ಕೆ ಶುಲ್ಕ ಇರುವುದಿಲ್ಲ. ಆಯ್ಕೆಯಾಗಿದ್ದೀರಿ ಎಂದು ಹೇಳಿದ ಮೇಲೆ ದುಡ್ಡು ಕೇಳುವವನ ಹತ್ತಿರ ಮಾತು ಮುಂದುವರಿಸಬೇಕಾಗಿಲ್ಲ.

ನನ್ನದೇ ಇಲಾಖೆಯ ಕಥೆ ಹೇಳದೆ ಹೋದರೆ ತಪ್ಪಾಗುತ್ತದೆ. ಗ್ರಾಮೀಣ ಡಾಕ್ ಸೇವಕ್ ಹುದ್ದೆಗೆ ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ. ಹತ್ತನೇ ತರಗತಿಯ ಅಂಕದ ಮೇಲೆ ಕಂಪ್ಯೂಟರ್ ಪಟ್ಟಿ ಮಾಡುತ್ತದೆ. ‘ಇಂಟರ್‌ವ್ಯೂ ಇಲ್ಲ’ ಎಂದರೆ ಅನುಮಾನ ಪಡಿ ಎಂದು ಈಗತಾನೆ ಹೇಳಿದೆನಲ್ಲ, ಇದು ಅದಕ್ಕೆ ಹೊರತು. ಸರ್ಕಾರದ ಅಧಿಕೃತ ತಾಣದಲ್ಲಿ, ವಿಳಾಸದ ಕೊನೆಗೆ ‘ಗವ್ ಡಾಟ್ ಇನ್’ ಇರುವಲ್ಲಿ, ಅರ್ಜಿ ಹಾಕುವುದು. ನೂರು ರೂಪಾಯಿ ಶುಲ್ಕ. ಪಟ್ಟಿ ಬಂದ ಕೂಡಲೇ ಹೆಸರು ಇದ್ದವರಿಗೆ, ಇಲ್ಲದವರಿಗೆ ಫೋನುಗಳು ಶುರುವಾಗುತ್ತವೆ: ‘ನಿಮ್ಮ ಹೆಸರು ವೇಟಿಂಗ್‌ನಲ್ಲಿದೆ, ನಾನು ಡಿವಿಷನ್ ಆಫೀಸಿನಿಂದ, ಮೇಲೆ ತರಿಸ್ತೀನಿ.’ ಕಂಪ್ಯೂಟರ್ ಮಾಡಿದ ಪಟ್ಟಿಯಲ್ಲಿ ಯಾವ ಸಾಹೇಬನೂ ಯಾರನ್ನೂ ಮೇಲೆ ತರಿಸಲಾರ. ಇಲ್ಲಿ ಜಾಹೀರಾತು ಅಪ್ಪಟ ದಿಟ, ಅದರ ಬೆನ್ನ ಹಿಂದೆ ನಿಂತವನು ಸುಳ್ಳು. ಪಿಎಸ್‌ಐ ನೇಮಕಾತಿಯಲ್ಲಿ ಆದದ್ದು ಅದಕ್ಕಿಂತ ಕೆಟ್ಟದ್ದು. 545 ಹುದ್ದೆಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು, ಹಿಂಬಾಗಿಲ ದುಡ್ಡಿನ ಕಥೆ ಹೊರಬಿದ್ದು 2022ರ ಏಪ್ರಿಲ್ ಕೊನೆಗೆ ಅದು ರದ್ದಾಯಿತು, ಮರುಪರೀಕ್ಷೆ ನಡೆಯುವಷ್ಟರಲ್ಲಿ 2024ರ ಜನವರಿ. ದುಡ್ಡು ಕೊಟ್ಟು ಜೈಲು ಕಂಡವರಿದ್ದಾರೆ. ಏನೂ ಕೊಡದೆ ಓದಿ ಬರೆದು ಎರಡು ವರ್ಷ ಕಳೆದುಕೊಂಡವರು ಅದಕ್ಕಿಂತ ಬಹಳ ಹೆಚ್ಚು.

ಕೆಲವರು ಆಫೀಸು ಕಣ್ಣಾರೆ ನೋಡಿ ಬಂದೆ ಎನ್ನುತ್ತಾರೆ. ನೋಡಿದ್ದೂ ಸುಳ್ಳಾಗಬಹುದು. 2022ರಲ್ಲಿ ತಮಿಳುನಾಡಿನ 28 ಜನ ರೈಲ್ವೆ ಕೆಲಸಕ್ಕೆಂದು ಲಕ್ಷಗಟ್ಟಲೆ ಕೊಟ್ಟು ದೆಹಲಿಗೆ ಹೋದರು. ಅವರಿಗೆ ನ್ಯೂಡೆಲ್ಲಿ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ ಟ್ರೈನಿಂಗ್. ದಿನಕ್ಕೆ ಎಂಟು ಗಂಟೆ ಬರುವ ಹೋಗುವ ರೈಲು, ಅವುಗಳ ಡಬ್ಬಿ ಎಣಿಸಿ ಬರೆಯುವುದು; ಹೀಗೆ ಸುಮಾರು ಒಂದು ತಿಂಗಳು. ಒಟ್ಟು ಎರಡೂವರೆ ಕೋಟಿಗೂ ಹೆಚ್ಚು ದುಡ್ಡು ಹೋಗಿತ್ತು. ಪೊಲೀಸು, ಟಿ.ಟಿ., ಗಡಿಯಾರ, ಮೈಕು ಎಲ್ಲ ದಿಟದ್ದೇ. ಅವರ ಕೆಲಸ ಒಂದು ಬಿಟ್ಟು. ಈ ಸುದ್ದಿ ಓದಿ ನಕ್ಕವರೇ ಹೆಚ್ಚು. ನನಗೆ ನಗು ಬರಲಿಲ್ಲ. ದಿನವಿಡೀ ತಪ್ಪದಂತೆ ಡಬ್ಬಿ ಎಣಿಸಿದ ಆ ಹುಡುಗರು ಒಳ್ಳೆಯ ಕೆಲಸಗಾರರೇ ಆಗಿದ್ದರು.

ಇನ್ನು ವಿಳಾಸ. ಅದು ನನ್ನ ಕಸುಬು, ಸ್ವಲ್ಪ ಹೆಚ್ಚು ಮಾತಾಡಿದರೆ ಕ್ಷಮಿಸಿ. ಸಂಶಯದ ಜಾಹೀರಾತು ಕೈಗೆ ಬಂದರೆ ನಾನು ಸಂಬಳ ನೋಡುವ ಮೊದಲು ಪಿನ್‌ಕೋಡ್ ನೋಡುತ್ತೇನೆ. 1972ರ ಆಗಸ್ಟ್ 15ಕ್ಕೆ ಶುರುವಾದ ಈ ಆರು ಅಂಕಿಯಲ್ಲಿ ಮೊದಲನೆಯದು ವಲಯ. ಕರ್ನಾಟಕ, ಆಂಧ್ರ, ತೆಲಂಗಾಣಕ್ಕೆ 5. ಬೆಂಗಳೂರಿಗೆ 560ರಿಂದ ಶುರು. ಮಧುಗಿರಿ 572132. ಪಾವಗಡ ಮಾತ್ರ ತುಮಕೂರು ಜಿಲ್ಲೆಯಲ್ಲಿದ್ದೂ 561202. ಆ ಊರು ಭೂಪಟದಲ್ಲೂ ಹಾಗೇ ಆಂಧ್ರದೊಳಗೆ ಮೂಗು ತೂರಿಸಿ ಕೂತಿದೆ. ‘ರಾಜಾಜಿನಗರ, ಬೆಂಗಳೂರು’ ಎಂದು ಬರೆದು ಮುಂದೆ 4ರಿಂದ ಶುರುವಾಗುವ ಪಿನ್ ಹಾಕಿರುವ ಜಾಹೀರಾತನ್ನು ನಾನು ಒಂದಲ್ಲ ಹತ್ತು ಕಂಡಿದ್ದೇನೆ. ಬೇರೆ ಯಾವುದೋ ರಾಜ್ಯಕ್ಕೆ ಮಾಡಿದ್ದನ್ನು ಊರು ಬದಲಿಸಿ ಇಲ್ಲಿಗೆ ಬಿಟ್ಟಿರುತ್ತಾರೆ, ಪಿನ್ ಬದಲಿಸಲು ಮರೆತಿರುತ್ತಾರೆ. ಎಷ್ಟೋ ಚೀಟಿಗಳಲ್ಲಿ ವಿಳಾಸವೇ ಇಲ್ಲ, ಮೊಬೈಲ್ ನಂಬರ್ ಒಂದೇ. ಅಂಥದ್ದಕ್ಕೆ ಮೊದಲ ಕರೆಯಲ್ಲೇ ‘ನಿಮ್ಮ ಆಫೀಸು ಯಾವ ರಸ್ತೆಯಲ್ಲಿ, ಪಕ್ಕದಲ್ಲಿ ಏನಿದೆ’ ಎಂದು ಕೇಳಿ. ದಿಟದವನು ‘ಪೆಟ್ರೋಲ್ ಬಂಕ್ ಎದುರಿಗೆ, ಮೇಲ್ಗಡೆ’ ಎನ್ನುತ್ತಾನೆ. ಇನ್ನೊಬ್ಬ ‘ಲೊಕೇಶನ್ ಆಮೇಲೆ ಕಳಿಸ್ತೀವಿ, ಮೊದಲು ಸೀಟ್ ಕನ್‌ಫರ್ಮ್ ಮಾಡ್ಕೊಳಿ’ ಎನ್ನುತ್ತಾನೆ.

ಕಂಪನಿ ಎಂದು ಹೇಳಿಕೊಂಡರೆ ಜಿಎಸ್‌ಟಿ ನಂಬರ್ ಕೇಳಬಹುದು. ಹದಿನೈದು ಅಕ್ಷರ, ಅಂಕಿ. ಕರ್ನಾಟಕದ್ದಾದರೆ 29ರಿಂದ ಶುರು. ಜಿಎಸ್‌ಟಿ ತಾಣದಲ್ಲಿ ಹಾಕಿದರೆ ಯಾರ ಹೆಸರಿನದು, ಚಾಲ್ತಿಯಲ್ಲಿದೆಯೇ ಎಂಬುದು ಪುಕ್ಕಟೆ ಕಾಣುತ್ತದೆ. ಸೈಬರ್ ಅಂಗಡಿಯ ಹುಡುಗ ಐದು ನಿಮಿಷದಲ್ಲಿ ನೋಡಿಕೊಡುತ್ತಾನೆ. ನಂಬರ್ ದಿಟವಾಗಿದ್ದ ಮಾತ್ರಕ್ಕೆ ಅದು ಅವನದೇ ಎಂದಾಗುವುದಿಲ್ಲ, ಇನ್ನೊಬ್ಬರ ನಂಬರ್ ಕದ್ದು ಹಾಕುವವರೂ ಇದ್ದಾರೆ. ಆದ್ದರಿಂದ ಚೀಟಿಯಲ್ಲಿರುವ ಫೋನಿಗೆ ಮಾಡದೆ, ಆ ಕಂಪನಿಯ ಸ್ವಂತ ತಾಣದಲ್ಲಿರುವ ಫೋನಿಗೆ ಮಾಡಿ ‘ನೀವು ಆಳು ತಗೊಳ್ತಿದೀರಾ?’ ಎಂದು ಕೇಳುವುದು ಲೇಸು.

ಮೊನ್ನೆ ಒಬ್ಬ ಹುಡುಗ ಬಂದು ‘ತಾತ, ಟೆಲಿಗ್ರಾಂನಲ್ಲಿ ಕೆಲಸ ಬಂದೈತೆ’ ಎಂದಾಗ ನಾನು ಒಂದು ಗಳಿಗೆ ತಬ್ಬಿಬ್ಬಾದೆ. ನಮ್ಮ ಕಾಲದಲ್ಲಿ ತಂತಿ ಬಂತೆಂದರೆ ಸಾವಿನ ಸುದ್ದಿ. ಆ ಸೇವೆ 2013ರ ಜುಲೈನಲ್ಲಿ ನಿಂತೂ ಹೋಯಿತು. ಇವನದ್ದು ಫೋನಿನ ಟೆಲಿಗ್ರಾಂ. ಹೋಟೆಲಿಗೆ ಸ್ಟಾರ್ ಕೊಡುವುದು, ವಿಡಿಯೊಗೆ ಲೈಕ್ ಒತ್ತುವುದು, ಒಂದಕ್ಕೆ ಐವತ್ತು ರೂಪಾಯಿ. ಮೊದಲ ದಿನ ನೂರೈವತ್ತು ಅವನ ಖಾತೆಗೆ ಬಂದೂ ಬಿಟ್ಟಿತ್ತು, ಅದಕ್ಕೇ ಅವನಿಗೆ ಅಷ್ಟು ಧೈರ್ಯ. ಎರಡನೇ ದಿನ ‘ಪ್ರೀಪೇಯ್ಡ್ ಟಾಸ್ಕ್’, ಸಾವಿರ ಹಾಕಿದರೆ ಸಾವಿರದ ಮುನ್ನೂರು. ನಾಲ್ಕನೇ ದಿನಕ್ಕೆ ಹತ್ತು ಸಾವಿರ ಕೇಳುತ್ತಾರೆ, ತೆರೆಯ ಮೇಲೆ ನಿಮ್ಮ ಲಾಭ ಲಕ್ಷ ತೋರಿಸುತ್ತದೆ, ತೆಗೆಯಲು ಹೋದರೆ ತೆರಿಗೆ ಕಟ್ಟಿ ಎನ್ನುತ್ತದೆ. ಕೇಂದ್ರ ಗೃಹ ಸಚಿವಾಲಯ 2023ರ ಡಿಸೆಂಬರಿನಲ್ಲಿ ಇಂಥ ವ್ಯವಹಾರದ ನೂರಕ್ಕೂ ಹೆಚ್ಚು ತಾಣಗಳನ್ನು ಮುಚ್ಚಿಸಿತು. ಮುಚ್ಚಿದಷ್ಟೇ ತೆರೆದಿರಬೇಕು. ಹುಡುಗ ಕಾರ್ಡು ಹಾಕಿದ್ದ, ಉತ್ತರವೂ ಬಂದಿತ್ತಲ್ಲ ಎಂದು ನೀವು ನನ್ನನ್ನು ಕೇಳಬಹುದು. ಇಲ್ಲಿ ಆ ನೂರೈವತ್ತು ರೂಪಾಯಿಯೇ ಅವರು ಹಾಕಿದ ಕಾರ್ಡು, ಉತ್ತರ ಕೊಟ್ಟವನು ಹುಡುಗ.

ಇಷ್ಟು ಹೊತ್ತು ಕಳ್ಳರ ಮಾತಾಯಿತು. ನನಗೆ ಬರುವ ಫೋಟೊಗಳಲ್ಲಿ ಅರ್ಧಕ್ಕೂ ಹೆಚ್ಚು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ದಿಟವೂ ಅಲ್ಲ. ಕೆಲಸ ಇರುತ್ತದೆ, ಹೇಳಿದಷ್ಟು ಇರುವುದಿಲ್ಲ. ‘ಆಫೀಸ್ ಎಕ್ಸಿಕ್ಯುಟಿವ್’ ಎಂದು ಕರೆದು ಬಿಸಿಲಿನಲ್ಲಿ ಮನೆ ಮನೆಗೆ ವಾಟರ್ ಫಿಲ್ಟರ್ ಮಾರಿಸುವುದು, ‘ಬ್ಯಾಂಕ್ ಕೆಲಸ’ ಎಂದು ಕರೆದು ಇನ್ಶೂರೆನ್ಸ್ ಏಜೆಂಟ್ ಮಾಡುವುದು. ದೊಡ್ಡ ಕಾರ್ಖಾನೆಯಾದರೂ ಆಳು ತೆಗೆದುಕೊಳ್ಳುವವನು ಏಜೆನ್ಸಿಯವನು. ಕೋಲಾರದ ನರಸಾಪುರದಲ್ಲಿ ವಿಸ್ಟ್ರಾನ್ ಐಫೋನ್ ಕಾರ್ಖಾನೆಯ ಗಲಾಟೆ ನೆನಪಿರಬೇಕು, 2020ರ ಡಿಸೆಂಬರ್ 12. ಏಜೆನ್ಸಿಗಳ ಮೂಲಕ ಸೇರಿದ ಹುಡುಗರಿಗೆ ಹೇಳಿದ ಸಂಬಳಕ್ಕೂ ಕೈಗೆ ಬಂದದ್ದಕ್ಕೂ ತಾಳೆಯಾಗಲಿಲ್ಲವೆಂಬ ಸಿಟ್ಟು ಗಾಜು ಒಡೆಯುವಲ್ಲಿಗೆ ಹೋಯಿತು. ಒಡೆದದ್ದು ತಪ್ಪು. ಆದರೆ ಕೆಲವು ಕೆಲಸಗಾರರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿಲ್ಲವೆಂದು ಆ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಕಾರ್ಖಾನೆ ದಿಟ, ಕೆಲಸ ದಿಟ, ಜಾಹೀರಾತಿನ ಅಂಕಿ ಮಾತ್ರ ಬೇರೆ.

ಆದ್ದರಿಂದ ಇಂಥ ಕಡೆ ಕೇಳಬೇಕಾದ ಪ್ರಶ್ನೆ ‘ಸಂಬಳ ಎಷ್ಟು’ ಎಂಬುದಕ್ಕಿಂತ ‘ಕೈಗೆ ಎಷ್ಟು, ಯಾವ ತಾರೀಕು, ಯಾರ ಹೆಸರಿನ ಸ್ಲಿಪ್ಪಿನಲ್ಲಿ’ ಎಂಬುದು. ಹದಿನಾರು ಸಾವಿರ ಎಂದರೆ ಪಿಎಫ್, ಇಎಸ್‌ಐಗೆ ಸುಮಾರು ಎರಡು ಸಾವಿರ ಹೋಗುತ್ತದೆ. ಹೋಗಲಿ, ಅದು ನಿಮ್ಮದೇ. ‘ನಾವು ಪಿಎಫ್ ಹಿಡಿಯಲ್ಲ, ಪೂರ್ತಿ ಕೈಗೆ ಕೊಡ್ತೀವಿ’ ಎಂದು ಹೆಮ್ಮೆಯಿಂದ ಹೇಳುವವನ ಹತ್ತಿರ ಹುಷಾರಾಗಿರಿ. ಆಮೇಲೆ ನಾಲ್ವರು ಹಂಚಿಕೊಳ್ಳುವ ರೂಮಿನ ಬಾಡಿಗೆ, ಊಟ, ತಿಂಗಳಿಗೊಮ್ಮೆ ಊರಿಗೆ ಬರುವ ಬಸ್ಸು. ಉಳಿದದ್ದನ್ನು ಊರಿನ ಕೂಲಿಯ ಪಕ್ಕ ಇಟ್ಟು ನೋಡಿ. ಆದರೂ ಹೋಗಬೇಕು ಅನ್ನಿಸಿದರೆ ಹೋಗಿ, ಅದರಲ್ಲಿ ದಡ್ಡತನವೇನಿಲ್ಲ. ಬೆಂಗಳೂರು ನೋಡಬೇಕೆಂಬುದೂ ಒಂದು ಸಂಬಳವೇ. ಒರಿಜಿನಲ್ ಮಾರ್ಕ್ಸ್‌ಕಾರ್ಡು ಮಾತ್ರ ಅವರ ಬೀರುವಿನಲ್ಲಿ ಇಟ್ಟು ಬರಬೇಡಿ. ನನ್ನ ತಂಗಿಯ ಮಗ ಒಂದು ಕಡೆ ಹಾಗೆ ಇಟ್ಟು ಬಂದ. ಕೆಲಸ ಬಿಡುತ್ತೇನೆ ಎಂದ ದಿನ ಮೂರು ತಿಂಗಳ ಸಂಬಳ ಕಟ್ಟಿ ಎಂದರು. ಬಿಡಿಸಿಕೊಳ್ಳಲು ನಾನೂ ಎರಡು ಸಲ ಹೋಗಿ ಮೆಟ್ಟಿಲ ಮೇಲೆ ಕೂತು ಬಂದಿದ್ದೇನೆ.

ವಿದೇಶದ ಕೆಲಸದ ಬಗ್ಗೆ ಎರಡೇ ಮಾತು. ಹೊರದೇಶಕ್ಕೆ ಆಳು ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು. ಅವನ ಹೆಸರು ಇ-ಮೈಗ್ರೇಟ್ ತಾಣದಲ್ಲಿರಬೇಕು. ಅವನು ನಿಮ್ಮಿಂದ ತೆಗೆದುಕೊಳ್ಳಬಹುದಾದದ್ದು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅಷ್ಟೆ. ಕಲಬುರಗಿಯ ಮೂವರು ಹುಡುಗರು ಯೂಟ್ಯೂಬ್ ವಿಡಿಯೊ ಮಾಡುವ ಏಜೆಂಟನನ್ನು ನಂಬಿ ರಷ್ಯಾಕ್ಕೆ ಸೆಕ್ಯೂರಿಟಿ, ಹೆಲ್ಪರ್ ಕೆಲಸಕ್ಕೆಂದು ಹೋಗಿ ಉಕ್ರೇನ್ ಯುದ್ಧದ ಅಂಚಿನಲ್ಲಿ ಬಂದೂಕು ಹಿಡಿಯಬೇಕಾಯಿತು. 2024ರ ಫೆಬ್ರುವರಿಯಲ್ಲಿ ಸುದ್ದಿ ಹೊರಬಂತು, ಅವರು ಮನೆ ಸೇರಿದ್ದು ಸೆಪ್ಟೆಂಬರಿನಲ್ಲಿ. ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಡ್ತೀವಿ ಎಂದರೆ ಬ್ಯಾಗು ಬಿಚ್ಚಿಡಿ.

ದುಡ್ಡು ಈಗಾಗಲೇ ಹೋಗಿದ್ದರೆ 1930ಕ್ಕೆ ಫೋನ್ ಮಾಡಿ, ಅದೂ ಆ ಗಂಟೆಯಲ್ಲೇ. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಯುವ ಅವಕಾಶ ಇರುತ್ತದೆ. ನಮ್ಮವರು ನಾಚಿಕೆಗೆ ಎರಡು ದಿನ ಯಾರಿಗೂ ಹೇಳದೆ ಕೂರುತ್ತಾರೆ, ಮೋಸಗಾರನಿಗೆ ಬೇಕಾದದ್ದೂ ಆ ಎರಡು ದಿನವೇ. ಅಂದ ಹಾಗೆ, ವಂಚಕನನ್ನು ‘ಫೋರ್‌ಟ್ವೆಂಟಿ’ ಎಂದು ಬೈಯುವುದು ಈಗ ಕಾನೂನಿನ ಪ್ರಕಾರ ಹಳತಾಯಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಯ ಕಲಮು 318. ‘ಅವನೊಬ್ಬ ತ್ರೀ ಎಯ್ಟೀನ್’ ಎಂದರೆ ಬೈಗುಳದ ರುಚಿಯೇ ಇಲ್ಲ.

ಹೋದ ವಾರ ನಮ್ಮ ಬೀದಿಯ ಕೊನೆಮನೆಯ ಹುಡುಗಿ ಎರಡು ಜಾಹೀರಾತು ತಂದಳು. ಒಂದು ಬಣ್ಣದ್ದು, ನುಣುಪಾದ ಕಾಗದ, ಕೋಟು ಹಾಕಿದವರ ಚಿತ್ರ, ಒಂದು ಕಾಗುಣಿತ ತಪ್ಪಿಲ್ಲ. ಇನ್ನೊಂದು ಜೆರಾಕ್ಸ್ ಚೀಟಿ, ‘ಕೆಲಸಕ್ಕೆ ಬೆಕಾಗಿದಾರೆ’ ಎಂದು ಶುರುವಾಗಿ ಕೊನೆಯವರೆಗೂ ಹಾಗೇ ಇತ್ತು. ದೊಡ್ಡಬಳ್ಳಾಪುರ ಕಡೆಯ ಒಂದು ಬಟ್ಟೆ ಕಾರ್ಖಾನೆ, ಚೆಕಿಂಗ್ ವಿಭಾಗಕ್ಕೆ. ‘ಎರಡನೇದು ಡೂಪ್ಲಿಕೇಟ್ ಅಲ್ವ ತಾತ, ಕನ್ನಡಾನೇ ಸರಿಯಾಗಿ ಬರಿಯಾಕ್ ಬರಲ್ಲ ಅವ್ರಿಗೆ’ ಎಂದಳು. ಎರಡಕ್ಕೂ ಕಾರ್ಡು ಹಾಕು ಎಂದೆ. ಅವಳು ಅಲ್ಲೇ ಜಗಲಿ ಮೇಲೆ ಕೂತು ಸ್ಪೀಕರ್ ಹಾಕಿ ಎರಡಕ್ಕೂ ಫೋನ್ ಮಾಡಿದಳು.

ಬಣ್ಣದ ಚೀಟಿಯವನು ‘ಕಂಗ್ರಾಚುಲೇಷನ್ಸ್ ಮೇಡಂ’ ಎಂದ. ಹೆಸರು ಕೇಳಿದ್ದು ಅದಾದ ಮೇಲೆ. ಜೆರಾಕ್ಸ್ ಚೀಟಿಯ ಹೆಂಗಸಿಗೆ ಮಾತಾಡಲು ಪುರುಸೊತ್ತೇ ಇರಲಿಲ್ಲ, ಹಿಂದೆ ಮಿಷನ್ನಿನ ಸದ್ದು. ‘ಏನ್ ಓದಿದಿಯಾ? ನಿಂತ್ಕೊಂಡು ಕೆಲ್ಸ ಮಾಡ್ತೀಯಾ ಎಂಟ್ ಗಂಟೆ? ಕಣ್ಣು ಚೆನ್ನಾಗ್ ಕಾಣುತ್ತಾ? ಹಾಸ್ಟಲ್ ಇಲ್ಲ. ಬಸ್‌ಚಾರ್ಜ್ ಕೊಡಲ್ಲ. ಸೋಮ್ವಾರ ಒಂಬತ್ತಕ್ಕೆ ಗೇಟ್ ಹತ್ರ ಬಾ, ಆಧಾರ್ ಜೆರಾಕ್ಸ್ ಒಂದು ತಾ, ತಡ ಆದ್ರೆ ಒಳಗ್ ಬಿಡಲ್ಲ’ ಎಂದು ಇಟ್ಟೇಬಿಟ್ಟಳು. ಹುಡುಗಿಯ ಮುಖ ಸಣ್ಣದಾಯಿತು, ‘ಎಷ್ಟ್ ಗಡಸು ನೋಡ್ ತಾತ’ ಎಂದಳು.

ಸೋಮವಾರ ಬೆಳಗ್ಗೆ ಐದೂವರೆಗೆ ಅವರಪ್ಪ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋಗುತ್ತಿದ್ದ. ಜೆರಾಕ್ಸ್ ಕವರು ಅವಳ ಕೈಯಲ್ಲಿತ್ತು. ಒರಿಜಿನಲ್ ಮನೆಯಲ್ಲೇ ಬಿಟ್ಟಿದ್ದೀಯಾ ಎಂದು ನಾನು ಬಾಗಿಲಿನಿಂದಲೇ ಕೂಗಿ ಕೇಳಿದೆ. ಅವಳು ತಿರುಗಿ ಕೈ ಎತ್ತಿದಳು.